ನದಿ ಮೊದಲೊ, ಹಿಮ ಮೊದಲೊ?

ಇಂಗ್ಲೆಂಡಿನ ಥೇಮ್ಸ್ ನದಿಯ ಜೊತೆಜೊತೆಗೆ, ಕೆಂಬಲ್ ಗ್ರಾಮದ ಸಮೀಪದ ಅದರ ಉಗಮದಿಂದ ಲಂಡನ್ನಿನ ವುಲಿಚ್‌ವರೆಗೆ, ಸುಮಾರು 185 ಮೈಲಿ ಉದ್ದದ ಕಾಲುದಾರಿಯೊಂದುಂಟು. 1996ರಲ್ಲಿ ತೆರೆಯಲಾದ ಈ ದಾರಿಯಲ್ಲಿ ನಾವು ಒಂದು ದಿನ ವಾಲಿಂಗ್‌ಫರ್ಡಿನಿಂದ ಪ್ಯಾಂಗ್‌ಬೋರ್ನಿನವರೆಗೆ ಸುಮಾರು 11 ಮೈಲಿ ನಡೆದೆವು. ನದಿಯ ಚೆಲುವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಬಹುಜನರು ಹೇಳುವ ಒಂದು ಮಾತನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ವಿದ್ಯಾರ್ಥಿಗಳ ಮುಂದಿಡಬೇಕಾಗಿದೆ.

ವಾಲಿಂಗ್‌ಫರ್ಡಿನ ಉದ್ದನೆಯ ಕಲ್ಲುಸೇತುವೆಯನ್ನು ಬಿಟ್ಟು ಹೊರಟರೆ ಎರಡು ಕಡೆಯೂ ವಿಶಾಲವಾದ ಬಯಲು. ಎದುರಿಗೆ, ದಕ್ಷಿಣದಲ್ಲಿ, ಗುಡ್ಡದ ಸಾಲು. ನದಿಯಾದರೋ ನೇರವಾಗಿ ಆ ಗುಡ್ಡಗಳ ಕಡೆಗೇ ಹರಿಯುತ್ತದೆ! ಮೋಲ್ಸ್‌ಫರ್ಡಿನಲ್ಲಿ, 1840ರ ಸುಮಾರಿಗೆ ಬ್ರುನೆಲನು ಕಟ್ಟಿಸಿದ ರೈಲುಸೇತುವೆಯ ಓರೆ ಕಮಾನುಗಳನ್ನು ದಾಟಿದೊಡನೆ ದಾರಿಯು ದಂಡೆಯನ್ನು ತೊರೆದು ಮೋಟಾರು ರಸ್ತೆಯನ್ನು ಸೇರುತ್ತದೆ. ಸರಕಿನ ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳನ್ನು ಆಚೆ ದಡಕ್ಕೆ ಸಾಗಿಸುವ ದೋಣಿ ಹಿಂದೆ ಅಲ್ಲಿತ್ತು. ಅದು ನಿಂತುಹೋದುದರ ದಂಡವನ್ನು ಇಂದು ನಡೆಯುವವನು ತೆರಬೇಕಾಗಿದೆ.

ಮುಂದೆ ಗೋರಿಂಗ್ ಕಂಡಿ. ಎಡಕ್ಕೆ ಚಿಲ್ಟರ್ನ್ ಗುಡ್ಡಗಳು, ಬಲಕ್ಕೆ ಬರ್ಕ್‌ಷೈರ್ ದಿಣ್ಣೆಗಳು. ಎರಡೂ ಒಂದೇ ಸೀಮೆಸುಣ್ಣದ ಪದರ. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿ ತೇಲುತ್ತಿದ್ದ ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದುದು. ಬಯಲಿನ ನದಿ ಈ ಗುಡ್ಡವನ್ನು ಸೀಳಿದುದೇಕೆ?

ಹಿಮ ಸೀಳಿಸಿತು ಎಂಬುದು ಜನಪ್ರಿಯವಾದ ಉತ್ತರ. ಸುಮಾರು 4,50,000 ವರ್ಷಗಳ ಹಿಂದೆ ಉತ್ತರದಿಂದ ಬಂದ ಹಿಮರಾಶಿ ನದಿಯನ್ನು ತಡೆಯಿತಂತೆ, ಸರೋವರವಾಯಿತಂತೆ, ಅದು ಉಕ್ಕಿ ಇಲ್ಲಿ ಕಂಡಿ ಕೊರೆಯಿತಂತೆ. ಇದರಲ್ಲಿ ಅರ್ಧ ನಿಜ. ಹಿಮವು ಥೇಮ್ಸನ್ನು ದಾರಿ ಬಿಡಿಸಿದ್ದು ಹೌದು. ಆದರೆ ಇಲ್ಲಲ್ಲ, ನದಿಯ ಕೆಳಪಾತ್ರದಲ್ಲಿ. ಅದಕ್ಕೆ ಮೊದಲು ನದಿಯು ಈ ಕಂಡಿಯನ್ನು ದಾಟಿ, ಈಶಾನ್ಯಕ್ಕೆ ತಿರುಗಿ, ಸೇಂಟ್ ಆಲ್ಬನ್ಸ್ ಕಣಿವೆಯ ಮೂಲಕ ಎಸೆಕ್ಸಿನ ಕಡೆಗೆ ಹರಿಯುತ್ತಿತ್ತು. ಹಿಮವು ಆ ಕಣಿವೆಯನ್ನು ಮುಚ್ಚಿದ ಮೇಲೆ ದಕ್ಷಿಣಕ್ಕೆ ಸರಿದು, ಇಂದಿನ ಲಂಡನ್ ಇರುವ ಜಾಡನ್ನು ಹಿಡಿಯಿತು.

ಇದಕ್ಕೆ ಸಾಕ್ಷಿ ಜಲ್ಲಿಕಲ್ಲು. ಸೀಮೆಸುಣ್ಣದ ಗುಡ್ಡ ಕೊಡಬಲ್ಲ ಗಟ್ಟಿ ಕಲ್ಲೆಂದರೆ ಚಕಮಕಿ ಮಾತ್ರ. ಆದರೆ ನದಿಯ ಆ ಹಳೆಯ ಜಾಡಿನ, ಹಿಮಕ್ಕಿಂತ ಹಳೆಯದಾದ ಜಲ್ಲಿಯಲ್ಲಿ ಮಧ್ಯ ಇಂಗ್ಲೆಂಡಿನ ಕ್ವಾರ್ಟ್‌ಸೈಟ್ ಎಂಬ ಗಡಸು ಬೆಣಚುಶಿಲೆಯ ಉರುಟು ಕಲ್ಲುಗಳಿವೆ. ಗುಡ್ಡದ ಆಚೆಯವು ಈಚೆಗೆ ಬಂದುದು ಹೇಗೆ? ನದಿಯೇ ಹೊತ್ತು ತಂದಿರಬೇಕು. ಎಂದ ಮೇಲೆ ಕಂಡಿ ಹಿಮಕ್ಕಿಂತ ಮೊದಲೇ ಇತ್ತು. ನೆಲವು ಮೆಲ್ಲನೆ ಏಳುತ್ತಿದ್ದಂತೆ ನದಿಯೂ ಮೆಲ್ಲನೆ ಕೊರೆದುಕೊಂಡು ಇಳಿದಿದೆ. ಈಗಿನ ನೀರಿಗಿಂತ ಬಹು ಎತ್ತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉಳಿದಿರುವ ಜಲ್ಲಿಯ ಹಾಸುಗಳು ಅದನ್ನೇ ಹೇಳುತ್ತವೆ.

ಆದರೂ ಹಿಮದ ಕಥೆಯೇ ಮೇಲಾಗಿದೆ. ಅದರಲ್ಲಿ ಆರ್ಭಟವಿದೆ, ಒಂದು ಆರಂಭ ಒಂದು ಅಂತ್ಯವಿದೆ. ಪರೀಕ್ಷೆಯಲ್ಲಿ ಐದು ಸಾಲಿನಲ್ಲಿ ಬರೆದು ಮುಗಿಸಬಹುದು. ಲಕ್ಷಾಂತರ ವರ್ಷಗಳ ನಿಧಾನವಾದ ಸವೆತಕ್ಕೆ ಕೇಳುವವರು ಕಡಮೆ. ಭೂವಿಜ್ಞಾನವನ್ನು ಹೀಗೆ ಪುರಾಣವಾಗಿಸಿ ಮಕ್ಕಳ ಕೈಗಿಡುವುದು ನಮಗೆ ಸಮ್ಮತವಲ್ಲ.

ಗೋರಿಂಗಿನ ಸೇತುವೆಯನ್ನು ದಾಟಿ, ಮತ್ತೊಂದು ರೈಲುಸೇತುವೆಯ ಕೆಳಗೆ ಹಾದು, ಹಾರ್ಟ್ಸ್‌ಲಾಕ್ ಕಾಡಿನ ಏರನ್ನು ಹತ್ತಿದೆವು. ಪಾದರಕ್ಷೆಗಳು ಬೆಳ್ಳಗಾದವು. ಸಂಜೆ ಪ್ಯಾಂಗ್‌ಬೋರ್ನನ್ನು ಮುಟ್ಟಿದಾಗ ಕೈಚೀಲದಲ್ಲಿ ಚಕಮಕಿ ಕಲ್ಲುಗಳೆರಡಿದ್ದವು. ಬೆಣಚುಶಿಲೆಯ ಉರುಟು ಕಲ್ಲು ಒಂದೂ ದೊರೆಯಲಿಲ್ಲ. ಅದಕ್ಕಾಗಿ ಇನ್ನೊಂದು ದಿನ ಸೇಂಟ್ ಆಲ್ಬನ್ಸಿನ ಕಡೆಗೆ ನಡೆಯಬೇಕು.