ಒಂದು ಪೆಟ್ಟಿಗೆ, 45 ಸಾವಿರ ಚಿಪ್ಪಿನ ಚೂರು

ಉದ್ದ 33 ಸೆಂಟಿಮೀಟರ್, ಎತ್ತರ 19 ಸೆಂಟಿಮೀಟರಿಗೆ ತುಸು ಹೆಚ್ಚು. ಓದುವ ಮೇಜಿನ ಒಂದು ಮೂಲೆಯಲ್ಲಿ ಇಡಬಹುದಾದ ಮರದ ಪೆಟ್ಟಿಗೆ. 2023ರಲ್ಲಿ ಅದು ಜಪಾನಿನಿಂದ ದಕ್ಷಿಣ ಕೊರಿಯಕ್ಕೆ ಮರಳಿದಾಗ ಅಲ್ಲಿನವರಿಗೆ ಕಳೆದುಹೋದ ಒಡವೆ ಸಿಕ್ಕಷ್ಟು ಸಂತೋಷ. 13ನೆಯ ಶತಮಾನದ ಆ ಪೆಟ್ಟಿಗೆಯ ಕಪ್ಪು ಮೈತುಂಬ ಸೇವಂತಿಗೆಯ ಬಳ್ಳಿ ಹಬ್ಬಿದೆ. ಹೂವು, ಎಲೆ ಎಲ್ಲವೂ ಕಡಲ ಚಿಪ್ಪಿನ ಚೂರುಗಳೇ. ತಜ್ಞರ ಲೆಕ್ಕದಂತೆ ಅವು ಸುಮಾರು 45 ಸಾವಿರ!

ಈ ಕಲೆಗೆ ಕೊರಿಯನ್ನರು ಇಟ್ಟ ಹೆಸರು ನಜೊನ್‌ಚಿಲ್ಗಿ. 'ನಜೊನ್' ಎಂದರೆ ಚಿಪ್ಪಿನ ಕೆತ್ತನೆ, 'ಚಿಲ್ಗಿ' ಎಂದರೆ ಮೆರುಗೆಣ್ಣೆ ಬಳಿದ ವಸ್ತು. ಗೊರ್ಯೊ ಅರಸರ ಕಾಲದಲ್ಲಿ (918-1392) ಇದು ಉತ್ತುಂಗಕ್ಕೇರಿತು. 1123ರಲ್ಲಿ ಅಲ್ಲಿಗೆ ಬಂದಿದ್ದ ಚೀನಾದ ರಾಯಭಾರಿ ಶು ಜಿಂಗ್, ಈ ಕೆಲಸದ ನಾಜೂಕನ್ನು ತನ್ನ ಪುಸ್ತಕದಲ್ಲಿ ಮೆಚ್ಚಿ ಬರೆದಿದ್ದಾನೆ. 1272ರಲ್ಲಿ ಬೌದ್ಧ ಗ್ರಂಥಗಳನ್ನಿಡುವ ಪೆಟ್ಟಿಗೆಗಳನ್ನು ಮಾಡಿಸಲೆಂದೇ ಒಂದು ಸರ್ಕಾರಿ ಕಚೇರಿ ತೆರೆಯಲಾಗಿತ್ತು. ಆ ಕಾಲದ ವಸ್ತುಗಳಲ್ಲಿ ಇಂದು ಉಳಿದಿರುವುದು ಸುಮಾರು 20 ಮಾತ್ರ. ಹೆಚ್ಚಿನವು ಇರುವುದೂ ಹೊರದೇಶಗಳಲ್ಲಿ.

ಚಿಪ್ಪಿಗೆ ಆ ಕಾಮನಬಿಲ್ಲಿನ ಹೊಳಪು ಬಂದದ್ದು ಹೇಗೆ? ಅದರಲ್ಲಿ ಬಣ್ಣವೇ ಇಲ್ಲ. ಅಬಲೋನ್ ಎಂಬ ಕಡಲ ಜೀವಿ ಸುಣ್ಣದ ಅಂಶದಿಂದ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕಟ್ಟುತ್ತದೆ. ಈ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಹಸಿರು, ನೀಲಿ, ಗುಲಾಬಿಯಾಗಿ ಕಾಣುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಆಡುವುದೂ ಇಂಥದೇ ಕಾರಣದಿಂದ.

ಇನ್ನು ಮೆರುಗೆಣ್ಣೆ. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಅರಗು ಕೀಟದಿಂದ ಬರುವಂಥದು. ಕೊರಿಯದ್ದು ಹಾಗಲ್ಲ; ಅದು 'ಒಟ್' ಎಂಬ ಮರದ ತೊಗಟೆಯನ್ನು ಗೀರಿ ಇಳಿಸಿದ ಹಾಲು. ಮಾವು, ಗೇರು ಮರಗಳ ಕುಟುಂಬಕ್ಕೇ ಸೇರಿದ ಮರವಿದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಗುಲಿದರೆ ಚರ್ಮ ಸುಡುವಂತೆ ಈ ಹಾಲು ತಗುಲಿದರೂ ಮೈಯೆಲ್ಲ ತುರಿಕೆ, ಗುಳ್ಳೆ. ಇದರ ಮತ್ತೊಂದು ವಿಚಿತ್ರವೆಂದರೆ, ಬಟ್ಟೆ ಒಣಗಲು ಬಿಸಿಲು ಬೇಕು, ಇದು ಗಟ್ಟಿಯಾಗಲು ತೇವದ ಗಾಳಿ ಬೇಕು!

ಕೆಲಸದ ಕ್ರಮವನ್ನು ಕೇಳಿದರೇ ಸುಸ್ತಾಗುತ್ತದೆ. ಮರದ ಪೆಟ್ಟಿಗೆಗೆ ಮೊದಲು ಮೆರುಗೆಣ್ಣೆ ಬಳಿದು, ಅದರ ಮೇಲೆ ಸೆಣಬಿನಂಥ ನಾರಿನ ಬಟ್ಟೆ ಅಂಟಿಸುತ್ತಾರೆ. ಮಣ್ಣಿನ ಪುಡಿ ಕಲಸಿದ ಮೆರುಗೆಣ್ಣೆ ಮೆತ್ತಿ ನುಣುಪಾಗಿ ಉಜ್ಜುತ್ತಾರೆ. ಆಮೇಲೆ ಚಿಪ್ಪಿನ ಸರದಿ. ಸಣ್ಣ ಗರಗಸದಲ್ಲಿ ಹೂವು, ಹಕ್ಕಿಗಳ ಆಕಾರ ಕತ್ತರಿಸುವುದು ಒಂದು ಪದ್ಧತಿ. ದಾರದಂತೆ ಸೀಳಿದ ಎಳೆಯನ್ನು ಅಂಟಿಸುತ್ತ, ಚಾಕುವಿನಿಂದ ತುಂಡರಿಸುತ್ತ ಚಿತ್ರ ಬಿಡಿಸುವುದು ಇನ್ನೊಂದು.

ಇಷ್ಟಾದ ಮೇಲೆ ಕುಶಲಕರ್ಮಿ ಮಾಡುವ ಕೆಲಸ ನೋಡಿದವರು ಬೆಚ್ಚಬೇಕು. ಅಷ್ಟು ಕಷ್ಟಪಟ್ಟು ಕೂರಿಸಿದ ಚಿಪ್ಪನ್ನೆಲ್ಲ ಮುಚ್ಚುವಂತೆ ಮತ್ತೆ ಮೆರುಗೆಣ್ಣೆ ಬಳಿಯುತ್ತಾನೆ. ಪ್ರತಿ ಪದರ ಗಟ್ಟಿಯಾಗುವವರೆಗೆ ಕಾಯಬೇಕು. ಕೊನೆಗೆ ಇದ್ದಿಲಿನಿಂದ ಉಜ್ಜುತ್ತ ಹೋದಂತೆ ಕಪ್ಪಿನೊಳಗಿಂದ ಹೂಗಳು ಒಂದೊಂದಾಗಿ ಮೇಲೆ ಬರುತ್ತವೆ. ಒಂದು ವಸ್ತು ಮುಗಿಯಲು ತಿಂಗಳುಗಳೇ ಬೇಕು.

1970-80ರ ದಶಕಗಳಲ್ಲಿ ಚಿಪ್ಪಿನ ಕೆಲಸದ ದೊಡ್ಡ ಬೀರು ಕೊರಿಯದ ಮಧ್ಯಮ ವರ್ಗದ ಮನೆಗಳ ಹೆಮ್ಮೆಯಾಗಿತ್ತು. ಎಷ್ಟೋ ಹೆಣ್ಣುಮಕ್ಕಳು ಅದನ್ನು ಮದುವೆಯ ಜೊತೆಗೆ ತಂದರು. ಆಮೇಲೆ ಗೋಡೆಯಲ್ಲೇ ಕಪಾಟು ಇರುವ ಅಪಾರ್ಟ್‌ಮೆಂಟುಗಳು ಬಂದವು. ಅಮ್ಮನ ಬೀರು ಮಗಳ ಮನೆಯಲ್ಲಿ ಹಿಡಿಸಲಿಲ್ಲ. ಅನೇಕ ಬೀರುಗಳು ಬೀದಿಪಾಲಾದವು, ಕೆಲಸಗಾರರು ಬೇರೆ ಕಸುಬು ಹಿಡಿದರು. ಆದರೂ ಕಲೆ ಸತ್ತಿಲ್ಲ. 1966ರಲ್ಲೇ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿ, ಗುರುಗಳು ಶಿಷ್ಯರಿಗೆ ಕಲಿಸಲು ಆಸರೆಯಾಯಿತು. ಚಿಪ್ಪಿಗೆ ಹೆಸರಾದ ಕಡಲ ತೀರದ ತೋಂಗ್ಯಂಗ್, ಮೆರುಗೆಣ್ಣೆಗೆ ಹೆಸರಾದ ವೊಂಜು ಪಟ್ಟಣಗಳಲ್ಲಿ ಇಂದೂ ಕೆಲಸ ನಡೆದಿದೆ. ಯುವಕರು ಮೊಬೈಲ್ ಫೋನಿನ ಕವಚಕ್ಕೂ ಚಿಪ್ಪು ಕೂರಿಸುತ್ತಿದ್ದಾರೆ.

ಜಪಾನಿನ ಮನೆಯೊಂದರ ಉಗ್ರಾಣದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಇದ್ದ ಆ ಪೆಟ್ಟಿಗೆಯನ್ನು ಕೊರಿಯ ಹಣ ಕೊಟ್ಟು ಕೊಂಡು ತಂದಿತು. ಪೆಟ್ಟಿಗೆ ಕಳೆದುಹೋದರೆ ಎಂದಾದರೂ ಹೀಗೆ ಸಿಕ್ಕೀತು. ಅದನ್ನು ಮಾಡುವ ಕೈಗಳು ಒಮ್ಮೆ ಇಲ್ಲವಾದರೆ ಯಾವ ದೇಶದಿಂದ ಕೊಂಡು ತರುವುದು?