ಕೋಳಿ ಲಸಿಕೆ ಒಂದು ಮನೆ ಕೆಲಸ ಅಲ್ಲ, ಬೀದಿ ಕೆಲಸ

ಸಂಕ್ರಾಂತಿ ಕಳೀತು. ಇನ್ನು ಶಿವರಾತ್ರಿ, ಆಮೇಲೆ ಯುಗಾದಿ, ಅದರ ಮಾರನೇ ದಿನ ಹೊಸತೊಡಕು. ಹಿಂದೆ ಮುಂದೆ ಊರೂರ ಮಾರಿಹಬ್ಬ, ಜಾತ್ರೆ. ಹಿತ್ತಲಲ್ಲಿ ನಾಲ್ಕು ಕೋಳಿ ಇರೋ ಮನೆಯವರು ಈಗ ಒಂದು ಮಾತು ಕೇಳಿಸ್ಕೊಳ್ಳಿ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸೋಕೆ ಇದೇ ಕಾಲ. ಏಪ್ರಿಲ್‌ನಲ್ಲಿ ಕೋಳಿ ತೂಕಡಿಸೋಕೆ ಶುರು ಮಾಡಿದ ಮೇಲೆ ಫೋನ್ ಮಾಡಿ "ಅಣ್ಣ, ಏನಾದ್ರೂ ಔಷಧಿ ಹೇಳು" ಅಂದ್ರೆ ನನ್ನತ್ರ ಇಲ್ಲ, ಡಾಕ್ಟರ್ ಹತ್ರಾನೂ ಇಲ್ಲ. ಅದು ವೈರಸ್ ಕಾಯಿಲೆ. ಬಂದ ಮೇಲೆ ವಾಸಿ ಮಾಡೋ ಔಷಧಿ ಅಂತ ಇಲ್ಲ. ಬರೋಕೆ ಮುಂಚೆ ತಡೆಯೋ ಲಸಿಕೆ ಇದೆ, ಅಷ್ಟೇ.

ಇದು ನಿಮಗೆ ಗೊತ್ತಿಲ್ಲದ ವಿಷಯ ಏನಲ್ಲ. ಗೊತ್ತಿದ್ದೂ ನಮ್ಮ ಕಡೆ ಹತ್ತು ಮನೇಲಿ ಒಂಬತ್ತು ಮನೆ ಯಾಕೆ ಹಾಕಿಸಲ್ಲ ಅನ್ನೋದೇ ನನ್ನ ಪ್ರಶ್ನೆ. ಉದಾಸೀನ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕಾಗಲ್ಲ. ಕಾರಣ ಬೇರೆ ಇದೆ.

ಮೊದಲನೇದು ಲಸಿಕೆ ಸೀಸೆ. ದೊಡ್ಡ ಕೋಳಿಗೆ ಹಾಕೋ ಆರ್‌ಟುಬಿ ಲಸಿಕೆ ಸಾಮಾನ್ಯವಾಗಿ ಸಿಗೋದೇ 100 ಡೋಸಿನ ಸೀಸೇಲಿ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸಬೇಕು, ಇಲ್ಲಾಂದ್ರೆ ಅದು ಬರೀ ನೀರು. ನಿಮ್ಮ ಮನೇಲಿರೋದು 12 ಕೋಳಿ. 12 ಕೋಳಿಗೋಸ್ಕರ 100 ಡೋಸ್ ತಂದು, 88 ಡೋಸ್ ತಿಪ್ಪೆಗೆ ಸುರಿಯೋಕೆ ಯಾರಿಗೆ ಮನಸ್ಸು ಬರುತ್ತೆ? ಅದೂ ಐಸ್ ಹಾಕಿದ ಫ್ಲಾಸ್ಕಲ್ಲಿ ತರಬೇಕು. ಅಂಗಡಿಯಿಂದ ಜೇಬಲ್ಲಿ ಇಟ್ಕೊಂಡು, ಬಸ್ಸಲ್ಲಿ ಒಂದು ಗಂಟೆ ಕೂತು, ಮನೆಗೆ ಬಂದು ಗೂಡಲ್ಲಿಟ್ಟು ಸಂಜೆ ಹಾಕಿದ್ರೆ ಲಸಿಕೆ ಹಾಕಿದ ಸಮಾಧಾನ ಇರುತ್ತೆ, ಲಸಿಕೆ ಇರಲ್ಲ. "ಹಾಕ್ಸಿದ್ವಿ, ಆದ್ರೂ ಸತ್ತೋದ್ವು" ಅನ್ನೋರು ಸಿಕ್ಕಿದ್ರೆ ಮೊದಲು ಕೇಳಿ, ಐಸ್ ಇತ್ತಾ ಅಂತ.

ದೊಡ್ಡ ಫಾರಂನವರಿಗೆ ಇದು ಸಮಸ್ಯೇನೇ ಅಲ್ಲ. ಲಸಿಕೆ ಸೀಸೆ ಅಳತೆ ಆಗಿರೋದೇ ಅವರ ಶೆಡ್ಡಿಗೆ, ನಮ್ಮ ಹಿತ್ತಲಿಗಲ್ಲ. ಒಂಟಿ ಮನೆ ಲೆಕ್ಕದಲ್ಲಿ ನೋಡಿದ್ರೆ ಹಿತ್ತಲ ಕೋಳಿಗೆ ಲಸಿಕೆ ಹಾಕಿಸೋದು ಯಾವತ್ತೂ ಗಿಟ್ಟಲ್ಲ. ಬೀದಿ ಲೆಕ್ಕದಲ್ಲಿ ನೋಡಿದ್ರೆ ಕೋಳಿಗೆ ಒಂದು ಮೊಟ್ಟೆ ದುಡ್ಡೂ ಬೀಳಲ್ಲ.

ಎರಡನೇದು ಹೇಳೋಕೆ ಸ್ವಲ್ಪ ಕಷ್ಟ. ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಸು ಒಂದೊತ್ತು ಮೇವು ಬಿಟ್ರೆ ಸಂಜೆ ಒಳಗೆ ಡಾಕ್ಟರ್ ನಮ್ಮ ಕೊಟ್ಟಿಗೇಲಿ ಇರ್ತಾರೆ. ಕೋಳಿ ತೂಕಡಿಸಿದ್ರೆ "ಕುಯ್ದು ಸಾರು ಮಾಡು" ಅಂತೀವಿ. ಯಾಕೆ? ಡೈರಿ ದುಡ್ಡು ನಮ್ಮ ಕಣ್ಣಿಗೆ ಕಾಣುತ್ತೆ, ಬ್ಯಾಂಕಿಗೆ ಬೀಳುತ್ತೆ, ಸೊಸೈಟಿ ಸಾಲಕ್ಕೆ ಹೋಗುತ್ತೆ. ಕೋಳಿ ದುಡ್ಡು ಹೆಂಗಸರ ದುಡ್ಡು. ಸಾಸಿವೆ ಡಬ್ಬಿಲಿರುತ್ತೆ. ಮೊಟ್ಟೆ ಮಾರಿ ಸಂಘದ ಕಂತು ಕಟ್ತಾರೆ, ಮಗಳ ಬಸ್ ಪಾಸು ಮಾಡಿಸ್ತಾರೆ, ರಾತ್ರಿ ಹೊತ್ತು ಮಗೂಗೆ ಜ್ವರ ಬಂದ್ರೆ ಆಟೋಗೆ ಕೊಡ್ತಾರೆ. ಒಂದು ಹುಂಜ ಮಾರಿದ್ರೆ ಹಬ್ಬಕ್ಕೆ ಬಟ್ಟೆ. ಗಂಡಸರನ್ನ ಕೇಳ್ದೆ ಖರ್ಚು ಮಾಡಬಹುದಾದ ದುಡ್ಡು ಅಂತ ಬಹಳ ಮನೇಲಿ ಇರೋದು ಇದೊಂದೇ. ರೋಗ ಬಂದು ಒಂದು ವಾರದಲ್ಲಿ ಹಿತ್ತಲು ಖಾಲಿ ಆದ್ರೆ ನಾವು "ಹೋಗ್ಲಿ ಬಿಡು, ಕೋಳಿ ತಾನೆ" ಅಂತೀವಿ. ಮತ್ತೆ ಅಷ್ಟು ಕೋಳಿ ಆಗೋಕೆ ಆಯಮ್ಮ ಎರಡು ವರ್ಷ ಕಾಯಬೇಕು.

ಎರಡು ವರ್ಷ ಅಂದಿದ್ದು ಬಾಯಿ ಮಾತಿಗಲ್ಲ. ನಮ್ಮ ನಾಟಿ ಹ್ಯಾಟೆ ಒಂದು ಸರ್ತಿಗೆ 12-15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. 21 ದಿನ ಕಾವು. ಆಮೇಲೆ ಪಿಳ್ಳೆ ಜೊತೆ ಎರಡು ಎರಡೂವರೆ ತಿಂಗಳು ಓಡಾಟ. ಅಲ್ಲಿವರೆಗೂ ಮೊಟ್ಟೆ ಇಲ್ಲ. ವರ್ಷಕ್ಕೆ ಎಲ್ಲಾ ಸೇರಿ 50-60 ಮೊಟ್ಟೆ ಆದ್ರೆ ಹೆಚ್ಚು. 12 ಪಿಳ್ಳೇಲಿ ದೊಡ್ಡದಾಗೋದು ಐದೋ ಆರೋ. ಅದರಲ್ಲಿ ಅರ್ಧ ಹುಂಜ. ಯೂಟ್ಯೂಬಲ್ಲಿ ನಾಟಿ ಕೋಳಿ ಸಾಕಿ ಲಕ್ಷ ಲಕ್ಷ ಅಂತ ತೋರಿಸ್ತಾರಲ್ಲ, ಅವರು ಈ ಲೆಕ್ಕ ಹೇಳಲ್ಲ.

ಹದ್ದು, ಕಾಗೆ, ಮುಂಗುಸಿ, ಬೀದಿ ನಾಯಿ, ಕಾಡುಬೆಕ್ಕು ಇವುಗಳ ಕಾಟ ಇಲ್ಲ ಅಂತಲ್ಲ. ಮೊದಲ ಆರು ವಾರ ಪಿಳ್ಳೆ ಉಳಿಸ್ಕೊಳ್ಳೋದೇ ಒಂದು ಸಾಹಸ. ನಮ್ಮಮ್ಮ ಮಂಕರಿ ಕವಿಚಿ, ಮೇಲೊಂದು ಕಲ್ಲು ಹೇರಿ, ಒಳಗೆ ರಾಗಿ, ನುಚ್ಚು ಚೆಲ್ಲಿ ಸಾಕ್ತಿದ್ರು. ಸಗಣಿ, ಒಣಹುಲ್ಲು ತುಂಬಿದ ಮಡಕೆ ನೆಲಕ್ಕೆ ಕವಿಚಿ ನೀರು ಚಿಮುಕಿಸಿದ್ರೆ ಬೆಳಗಾಗೋ ಹೊತ್ತಿಗೆ ಗೆದ್ದಲು ತುಂಬಿರೋದು. ಅದನ್ನ ಕೊಡವಿದ್ರೆ ಪಿಳ್ಳೆಗೆ ಮಾಂಸದೂಟ. ಈಗಲೂ ಅದಕ್ಕಿಂತ ಒಳ್ಳೆ ಪಿಳ್ಳೆ ಫೀಡು ನಾನು ನೋಡಿಲ್ಲ. ಹಳೇ ಮೀನು ಬಲೆ ಮೇಲೆ ಕಟ್ಟಿದ್ರೆ ಹದ್ದಿನ ಕಾಟ ಮುಕ್ಕಾಲು ಪಾಲು ಕಮ್ಮಿ. ಇದೆಲ್ಲ ನಮ್ಮ ಹೆಂಗಸರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ರೆ ಹದ್ದು ದಿನಕ್ಕೆ ಒಂದು ಪಿಳ್ಳೆ ಒಯ್ಯುತ್ತೆ. ಮುಂಗುಸಿ ಒಂದು ರಾತ್ರಿ ಬಂದು ಒಂದು ಗೂಡು ಹಾಳು ಮಾಡುತ್ತೆ. ಕೊಕ್ಕರೆ ರೋಗ ಬಂದ್ರೆ ಬೀದಿ ಬೀದಿಯೇ ಬೋಳು. ನಾವು ಕಲ್ಲು ಹಿಡ್ಕೊಂಡು ಹದ್ದಿನ ಹಿಂದೆ ಓಡ್ತೀವಿ, ರೋಗಾನ ದುಡ್ಡು ಕೊಟ್ಟು ಸಂತೆಯಿಂದ ಚೀಲದಲ್ಲಿ ತರ್ತೀವಿ.

ಚೀಲದಲ್ಲಿ ಅಂದಿದ್ದು ನಿಜ. ಬೇಸಿಗೆ ಬಿಸಿಲಿಗೇ ಈ ರೋಗ ಬರೋದು ಅಂತ ಎಲ್ಲರೂ ಅಂತಾರೆ. ಬಿಸಿಲಿಗೆ ಕೋಳಿ ಬಸವಳಿಯೋದು ಹೌದು. ಆದ್ರೆ ನಮ್ಮ ಕಡೆ ಅದೇ ತಿಂಗಳಲ್ಲಿ ಇನ್ನೊಂದು ನಡೆಯುತ್ತೆ. ವರ್ಷದಲ್ಲಿ ಬೇರೆ ಯಾವಾಗಲೂ ಇಲ್ಲದಷ್ಟು ಕೋಳಿ ಊರಿಂದ ಊರಿಗೆ ಓಡಾಡ್ತವೆ. ಹೊಸತೊಡಕಿಗೆ ಒಂದು ವಾರ ಮುಂಚೆ ಸಂತೆಗೆ ಹೋಗಿ ನೋಡಿ. ಹತ್ತೂರಿನ ಕೋಳಿ ಕಾಲು ಕಟ್ಟಿ ಒಂದರ ಮೇಲೊಂದು ಹಾಕಿರ್ತಾರೆ. ಹರಕೆ ಹುಂಜ ಅಂತ ತಂದು ನಾಲ್ಕು ದಿನ ಮನೆ ಕೋಳಿ ಜೊತೆ ಬಿಡ್ತೀವಿ. ಕುಯ್ದ ಮೇಲೆ ಪುಕ್ಕ, ಕರುಳು ಚರಂಡಿಗೆ ಎಸೀತೀವಿ, ನಾಯಿ ಎಳ್ಕೊಂಡು ಊರೆಲ್ಲಾ ಹಂಚುತ್ತೆ. ರೋಗಕ್ಕೆ ಇನ್ನೇನು ಬೇಕು?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮನೇಲಿ ಎರಡು ಕೋಳಿ ಸತ್ತ ತಕ್ಷಣ ಉಳಿದಿದ್ದನ್ನ ಅದೇ ವಾರದ ಸಂತೆಗೆ ಹೊಡೆಯೋದು. ಮಾಡೋರ ಸಂಕಟ ನನಗೆ ಅರ್ಥ ಆಗುತ್ತೆ, ಸಿಕ್ಕಷ್ಟು ಸಿಗಲಿ ಅಂತ. ಆದ್ರೆ ಅದನ್ನ ಕೊಂಡುಕೊಳ್ಳೋಳೂ ನಿಮ್ಮ ಹೆಂಡತಿ ಥರದವಳೇ, ಸಾಸಿವೆ ಡಬ್ಬಿಯಿಂದ ದುಡ್ಡು ತಂದಿರ್ತಾಳೆ. ನನ್ನ ಪ್ರಕಾರ ಇದು ಕಲಬೆರಕೆ ಹಾಲು ಹಾಕೋದಕ್ಕಿಂತ ದೊಡ್ಡ ತಪ್ಪು. ಹಾಲಿಗೆ ನೀರು ಬೆರೆಸಿದ್ರೆ ಅವತ್ತಿನ ಹಾಲು ಕೆಡುತ್ತೆ. ಇಲ್ಲಿ ಇನ್ನೊಂದು ಊರೇ ಕೆಡುತ್ತೆ.

"ನಾಟಿ ಕೋಳಿಗೆ ರೋಗ ತಟ್ಟಲ್ಲ, ಅದೇನು ಫಾರಂ ಕೋಳಿನಾ" ಅನ್ನೋ ಮಾತೂ ಇದೆ. ಅರ್ಧ ನಿಜ. ಬಿಸಿಲು, ಚಳಿ, ಸಿಕ್ಕಿದ್ದು ತಿಂದು ಬದುಕೋದು, ಹದ್ದು ಕಂಡ್ರೆ ಬೇಲಿ ಒಳಗೆ ನುಗ್ಗೋದು, ಇದರಲ್ಲಿ ನಾಟಿ ಕೋಳಿ ಮುಂದೆ ಯಾವುದೂ ಇಲ್ಲ. ಹೆಬ್ಬಾಳದ ಗಿರಿರಾಜ ಮೊಟ್ಟೇಲೂ ತೂಕದಲ್ಲೂ ಮುಂದೆ, ಆದ್ರೆ ಕಾವಿಗೆ ಕೂರಲ್ಲ, ಅದರ ಮೊಟ್ಟೆ ಮರಿ ಮಾಡಿಸೋಕೂ ನಾಟಿ ಹ್ಯಾಟೆಯೇ ಬೇಕು. ಆದ್ರೆ ಈ ವೈರಸ್ಸಿಗೆ ಜಾತಿ ಭೇದ ಇಲ್ಲ. ಬಾಯಿ ತೆರೆದು ಉಸಿರಾಡೋದು, ಹಸಿರು ಬಿಳಿ ಹಿಕ್ಕೆ, ರೆಕ್ಕೆ ಜೋಲು ಬೀಳೋದು, ಆಮೇಲೆ ಕತ್ತು ತಿರುಚ್ಕೊಂಡು ಸುತ್ತೋದು. ನಾಟಿ ಕೋಳೀಲೇ ನೋಡಿದೀನಿ, ನೀವೂ ನೋಡಿದೀರ.

ನಮ್ಮ ಬೀದೀಲಿ ಮೂರು ವರ್ಷದಿಂದ ಮಾಡ್ತಿರೋದು ಹೇಳ್ತೀನಿ. ಇದರಲ್ಲಿ ಹೊಸ ವಿದ್ಯೆ ಏನಿಲ್ಲ. ಶಿವರಾತ್ರಿಗೆ ಮುಂಚೆ ಒಂದು ಸಂಜೆ ಗೊತ್ತು ಮಾಡ್ತೀವಿ. ಲಸಿಕೆ ಹಾಕಿದ ಮೇಲೆ ಮೈಗೆ ಶಕ್ತಿ ಬರೋಕೆ ಎರಡು ವಾರ ಬೇಕು, ಅಷ್ಟರಲ್ಲಿ ಹಬ್ಬದ ಓಡಾಟ ಶುರುವಾಗಿರಬಾರದು. ಹಿಂದಿನ ವಾರ ಜಂತುಹುಳ ಔಷಧಿ. ಸಂಜೇನೇ ಯಾಕೆ ಅಂದ್ರೆ ಹಗಲು ಕೋಳಿ ಹಿಡಿಯೋಕೆ ಹೋದ್ರೆ ಒಂದು ಕೋಳಿಗೆ ಮೂರು ಜನ ಬೇಕು, ಪಕ್ಕದ ಮನೆ ಸೊಪ್ಪಿನ ಮಡಿ ಹಾಳು, ಜಗಳ ಬೇರೆ. ಕತ್ತಲಾದ ಮೇಲೆ ಗೂಡಲ್ಲಿ ಕೂತಿರುತ್ತೆ, ಕೈ ಹಾಕಿ ಎತ್ಕೋಬಹುದು. ಹದಿನಾಲ್ಕು ಮನೆ, ಹೋದ ವರ್ಷ ದೊಡ್ಡವು 90 ಚಿಲ್ಲರೆ, ಪಿಳ್ಳೆ 40ರ ಹತ್ರ. ದೊಡ್ಡವಕ್ಕೆ ಒಂದು ಸೀಸೆ ಆರ್‌ಟುಬಿ, ಅರ್ಧ ಎಂಎಲ್ ರೆಕ್ಕೆ ಕೆಳಗೆ ಚರ್ಮದಡಿಗೆ. ಎಂಟು ವಾರ ಆಗದ ಪಿಳ್ಳೆಗೆ ಅದು ಬೇಡ. ಅವಕ್ಕೆ ಲಸೋಟ, ಕಣ್ಣಿಗೆ ಒಂದು ಹನಿ. ಪಿಳ್ಳೆ ಹೊರಬಂದ ಐದರಿಂದ ಏಳು ದಿನಕ್ಕೆ ಒಂದ್ಸಲ, ಇಪ್ಪತ್ತೆಂಟನೇ ದಿನದ ಹತ್ರ ಇನ್ನೊಂದ್ಸಲ ಅಂತ ಲೆಕ್ಕ. ಕಾಯಿಲೆ ಬಿದ್ದಿರೋ ಕೋಳಿ ಇದ್ದ ಮನೆ ಇದ್ರೆ ಅವತ್ತು ಆ ಮನೆ ಬಿಟ್ಟುಬಿಡ್ತೀವಿ, ಅದೇ ಸೂಜಿ ಇನ್ನೊಂದು ಮನೆಗೆ ಹೋಗಬಾರದು. ಮೊದಲನೇ ವರ್ಷ ಆಸ್ಪತ್ರೆಯವರೇ ಬಂದು ಕೈ ಹಿಡಿದು ಕಲಿಸಿದ್ರು. ಈಗ ಬೀದಿಯ ಇಬ್ಬರು ಹೆಣ್ಣುಮಕ್ಕಳೇ ಹಾಕ್ತಾರೆ, ನನ್ನ ಕೈಗಿಂತ ಅವರ ಕೈ ವಾಸಿ.

ಪಿಳ್ಳೆ ವಿಷಯದಲ್ಲಿ ಒಂದು ತೊಡಕಿತ್ತು. ಒಬ್ಬರ ಮನೇಲಿ ಹೋದ ವಾರ ಮರಿ, ಇನ್ನೊಬ್ಬರ ಮನೇಲಿ ಮುಂದಿನ ತಿಂಗಳು. ಪ್ರತಿ ಸಲ ಹತ್ತು ಪಿಳ್ಳೆಗೆ ಒಂದು ಸೀಸೆ ಯಾರು ತರ್ತಾರೆ? ಅದಕ್ಕೆ ಬೀದಿಯ ಹೆಂಗಸರೇ ಉಪಾಯ ತೆಗೆದ್ರು. ಆದಷ್ಟೂ ಒಂದೇ ಹದಿನೈದು ದಿನದಲ್ಲಿ ಕಾವಿಗೆ ಕೂರಿಸೋದು, ದೀಪಾವಳಿ ಕಳೆದು ತಂಪು ಶುರುವಾದ ಮೇಲೆ. ಬಿಸಿಲು ಕಾಲದಲ್ಲಿ ಮೊಟ್ಟೆ ಬೇಗ ಕೆಡೋದ್ರಿಂದ ಮರಿಯಾಗೋದೂ ಕಮ್ಮಿ, ಹಾಗಾಗಿ ಇದರಲ್ಲಿ ನಷ್ಟ ಏನಿಲ್ಲ. ಕೋಳಿ ನಮ್ಮ ಮಾತು ಕೇಳಿ ಕಾವಿಗೆ ಬರಲ್ಲ, ನಿಜ. ಆದ್ರೂ ಮೊಟ್ಟೆ ತೆಗೆದಿಡೋದು, ಬಿಡೋದು ನಮ್ಮ ಕೈಲಿದೆಯಲ್ಲ. ಅರ್ಧಕ್ಕರ್ಧ ಹೊಂದುತ್ತೆ.

ಲಸಿಕೆ ಹಾಕಿದ ಮೇಲೆ ಕೆಲವು ಹ್ಯಾಟೆ ಒಂದಷ್ಟು ದಿನ ಮೊಟ್ಟೆ ಕಮ್ಮಿ ಮಾಡುತ್ತೆ. ಮುಂಚೇನೇ ಹೇಳಿಬಿಡಿ, ಇಲ್ಲಾಂದ್ರೆ ಬೈಗುಳ ನಿಮಗೆ. ರೋಗ ಒಳಗೆ ಸೇರಿದ ಕೋಳಿಗೆ ಹಾಕಿದ್ರೆ ಅದು ಸಾಯಬಹುದು. "ಸೂಜಿಯಿಂದ ಸತ್ತೋಯ್ತು" ಅಂತ ಸುದ್ದಿ ಆಗೋದು ಹಾಗೆ. ಅದಕ್ಕೇ ರೋಗ ಬರೋಕೆ ಮುಂಚೆ, ಹಬ್ಬಕ್ಕೆ ಮುಂಚೆ ಅಂತ ನಾನು ಒತ್ತಿ ಹೇಳ್ತಿರೋದು. ಸಿಡುಬಿನ ಲಸಿಕೆ ಬೇರೆ, ಅದು ಇದರಲ್ಲಿ ಸೇರಿಲ್ಲ. ಅದನ್ನ ಇನ್ನೊಂದು ದಿನ ಬರೀತೀನಿ.

ಈ ಕೆಲಸ ಯಾರು ಹೊರಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ. ಗಂಡಸರ ಕೈಗೆ ಕೊಟ್ರೆ ಎರಡನೇ ವರ್ಷಕ್ಕೆ ನಿಂತುಹೋಗುತ್ತೆ. ಸ್ತ್ರೀಶಕ್ತಿ ಸಂಘಗಳು ವಾರ ವಾರ ಸೇರ್ತವೆ, ಪುಸ್ತಕ ಇದೆ, ದುಡ್ಡು ಎಣಿಸೋ ರೂಢಿ ಇದೆ, ಬಂದಿರೋರಲ್ಲಿ ಬಹುಪಾಲು ಜನರ ಮನೇಲಿ ಕೋಳಿ ಇದೆ. ಕೆಲವು ಪಂಚಾಯ್ತಿಗಳಲ್ಲಿ ಸಂಜೀವಿನಿ ಒಕ್ಕೂಟದ ಪಶು ಸಖಿಯರೂ ಇದಾರೆ. ಕೋಳಿ ಲೆಕ್ಕ ಸಂಘದ ಪುಸ್ತಕದಲ್ಲಿ ಒಂದು ಹಾಳೆ ಆಗಲಿ. ಗಂಡಸರು ಮಾಡಬೇಕಾದ್ದು ಒಂದೇ. ಬೈಕಲ್ಲಿ ಫ್ಲಾಸ್ಕ್ ಹಿಡ್ಕೊಂಡು ಹೋಗಿ, ದಾರೀಲಿ ಟೀ ಅಂಗಡೀಲಿ ನಿಲ್ಲದೆ ವಾಪಸ್ ಬರೋದು.

ಇಷ್ಟೆಲ್ಲ ಮಾಡಿಯೂ ರೋಗ ಬಂದ್ರೆ ಸತ್ತ ಕೋಳಿನ ಕೆರೆಗೋ ಚರಂಡಿಗೋ ಎಸೀಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಒಂದೇ ಸಲ ತುಂಬಾ ಕೋಳಿ ಸತ್ರೆ ಪಶು ಆಸ್ಪತ್ರೆಗೆ ತಿಳಿಸಿ, ಕೊಕ್ಕರೆ ರೋಗ ಅಂತ ನಾವೇ ತೀರ್ಮಾನ ಮಾಡೋದು ಬೇಡ, ಹಕ್ಕಿಜ್ವರಾನೂ ಹೀಗೇ ಕಾಣುತ್ತೆ. ಸಂತೆಯಿಂದ ತಂದ ಕೋಳಿನ ಎರಡು ವಾರ ಬೇರೆ ಕಟ್ಟಿ. ಹರಕೆ ಹುಂಜ ಆದ್ರೂ ಸರಿ.

ನಮ್ಮ ಬೀದೀದು ಫೆಬ್ರವರಿ ಮೊದಲನೇ ಭಾನುವಾರ ಸಂಜೆ. ಹೋದ ವರ್ಷದಷ್ಟೇ ಕೋಳಿ ಇದ್ರೆ ಸೀಸೇಲಿ ಐದಾರು ಡೋಸ್ ಉಳಿಯುತ್ತೆ. ಪಕ್ಕದ ಬೀದಿಯವರು ಬರೋದಾದ್ರೆ ಎರಡು ಸೀಸೆ ತರಿಸ್ತೀನಿ, ಆದ್ರೆ ನಿಮ್ಮ ಬೀದಿ ಕೋಳಿ ಎಷ್ಟು, ಪಿಳ್ಳೆ ಎಷ್ಟು ಅಂತ ಎಣಿಸಿ ಶುಕ್ರವಾರದೊಳಗೆ ಹೇಳಿ. ಅಂದಾಜು ಬೇಡ. ಸಂಜೆ ಗೂಡು ಮುಚ್ಚೋವಾಗ ಎಣಿಸಿದ್ರೆ ಸರಿಯಾಗಿ ಸಿಗುತ್ತೆ.