ಮುಗಿಲುಮುಟ್ಟಿದ ಸೌಧ, ಮುಚ್ಚಿಟ್ಟ ದೋಷ

ನ್ಯೂಯಾರ್ಕ್ ನಗರದಲ್ಲಿ 1977ರಲ್ಲಿ ಮುಗಿದ ಸಿಟಿಕಾರ್ಪ್ ಕಚೇರಿ ಸೌಧಕ್ಕೆ 59 ಅಂತಸ್ತುಗಳು. ನಿವೇಶನದ ಒಂದು ಮೂಲೆಯು ಕ್ರೈಸ್ತ ದೇವಾಲಯಕ್ಕೆ ಮೀಸಲಾಗಿದ್ದುದರಿಂದ, ಸೌಧವನ್ನು ಹೊರುವ ಮಹಾಸ್ತಂಭಗಳನ್ನು ಮೂಲೆಗಳಲ್ಲಿ ನಿಲ್ಲಿಸದೆ ನಾಲ್ಕು ಪಾರ್ಶ್ವಗಳ ನಡುವೆ ನಿಲ್ಲಿಸಿದರು. ಇಂಜನಿಯರ್ ವಿಲಿಯಂ ಲಮೆಷರ್ ಮಹಾಶಯರ ಈ ಕೌಶಲವನ್ನು ಬಲ್ಲವರು ಕೊಂಡಾಡಿದರು.

ಆದರೆ 1978ರಲ್ಲಿ ಅವರೇ ಮರಳಿ ಲೆಕ್ಕಹಾಕಲು, ಮೂಲೆಯ ಕಡೆಯಿಂದ ಬೀಸುವ ಬಿರುಗಾಳಿಗೆ ಉಕ್ಕಿನ ಸಂದುಗಳು ತಾಳಲಾರವೆಂದು ತೋರಿತು. ಬೆಸುಗೆಯಿಂದ ಕೂಡಿಸಬೇಕೆಂದಿದ್ದ ಸಂದುಗಳನ್ನು ಬೋಲ್ಟುಗಳಿಂದ ಬಿಗಿಯಲಾಗಿದ್ದಿತು. ತಮ್ಮ ಕೀರ್ತಿಗೆ ಕುಂದು ಬಂದೀತೆಂದು ಅಂಜದೆ ಅವರು ಸೌಧದ ಒಡೆಯರಿಗೆ ಈ ವಿಷಯವನ್ನು ತಿಳಿಸಿದುದು ಸರ್ವಥಾ ಸ್ತುತ್ಯವಾದುದು. ರಾತ್ರಿಯ ವೇಳೆ ಕೆಲಸ ನಡೆಸಿ, ಎರಡಂಗುಲ ದಪ್ಪದ ಉಕ್ಕಿನ ಹಲಗೆಗಳನ್ನು ಬೆಸೆದು, ಸಂದುಗಳನ್ನು ಭದ್ರಪಡಿಸಿದರು.

ಅಲ್ಲಿ ದಿನವೂ ದುಡಿಯುತ್ತಿದ್ದವರಿಗೆ, ಸುತ್ತಣ ಬೀದಿಗಳ ನಿವಾಸಿಗಳಿಗೆ, ನಿಜವನ್ನು ಹೇಳಿದವರಾರು? ಆಗ ನಗರದ ಪ್ರಮುಖ ದಿನಪತ್ರಿಕೆಗಳು ಮುಷ್ಕರದಿಂದ ನಿಂತಿದ್ದವು. 1995ರಲ್ಲಿ ವಾರಪತ್ರಿಕೆಯೊಂದು ಬರೆಯುವವರೆಗೆ ಸಂಗತಿಯ ಪೂರ್ಣಸ್ವರೂಪವು ಲೋಕಕ್ಕೆ ತಿಳಿಯಲಿಲ್ಲ. ದುರಸ್ತಿಯು ನಡೆಯುತ್ತಿರುವಾಗಲೇ ಸಮೀಪಿಸುತ್ತಿದ್ದ ಎಲಾ ಎಂಬ ಚಂಡಮಾರುತವು ಕಡಲಿನತ್ತ ತಿರುಗಿದುದು ಜನರ ಪುಣ್ಯ.

ತಿಳಿಸಿದರೆ ಜನರು ಗಾಬರಿಗೊಳ್ಳುವರೆಂಬ ವಾದವನ್ನು ನಾವು ಒಪ್ಪಲಾರೆವು. ಮಳೆಗಾಲದ ನೆರೆಯನ್ನು ಮುಂದಾಗಿ ಸಾರಿದರೆ ಜನರು ಎತ್ತರದ ನೆಲವನ್ನು ಸೇರುವರಲ್ಲವೆ? ತಮ್ಮ ಪ್ರಾಣಕ್ಕೆ ಒದಗಿದ ಅಪಾಯವನ್ನು ಅರಿಯುವುದು ಪ್ರಜೆಗಳ ಹಕ್ಕು. ಅದನ್ನು ತಿಳಿಸುವುದು ಒಡೆಯರ ಕರ್ತವ್ಯ, ಅಧಿಕಾರಿಗಳ ಕರ್ತವ್ಯ. ದೋಷವನ್ನು ತಿದ್ದಿದವರಿಗೆ ವಂದನೆಗಳು ಸಲ್ಲಲಿ; ಅದನ್ನು ಹದಿನೇಳು ವರ್ಷ ಮುಚ್ಚಿಟ್ಟ ಮೌನಕ್ಕೆ ಮಾತ್ರ ವಂದನೆ ಸಲ್ಲದು.